ಚಿಕ್ಕಬೋರಯ್ಯನ ಎರಡನೆಯ ಕಂಠ

ಯುದ್ಧದಿಂದ ಮಂಡ್ಯ ಜಿಲ್ಲೆಗೆ ಆದ ನಷ್ಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಷರಮಾಲೆಯೂ ಸೇರಿತ್ತು ಎಂಬುದು ಹೆಚ್ಚು ಜನಕ್ಕೆ ತಿಳಿಯದು.

ಜಿಲ್ಲೆ ಆಗ ಹೊಸದು. ಕಚೇರಿಗಳು ಬಂದಿದ್ದವು, ಅವುಗಳ ಬಾಗಿಲಿಗೆ ಜವಾನರು ಬಂದಿದ್ದರು, ಸಕ್ಕರೆ ಕಾರ್ಖಾನೆಯ ಸಿಳ್ಳೆಗೆ ಸರಿಯಾಗಿ ಏಳುವುದನ್ನು ಊರು ಕಲಿತಿತ್ತು. ಇಲ್ಲದಿದ್ದದ್ದು ಒಂದು ವಿಶ್ವಕೋಶ ಮಾತ್ರ. ಆ ಕೊರತೆಯನ್ನು ನೀಗಲು ಮೂವರು ಮಹನೀಯರು ಸಮಿತಿ ಕಟ್ಟಿಕೊಂಡು, ಪೇಟೆಬೀದಿಯ ಅಕ್ಕಿ ಮಂಡಿಯ ಮಹಡಿಯ ಮೇಲೆ ಭಾನುವಾರ ಭಾನುವಾರ ಸೇರುತ್ತಿದ್ದರು. ಜಿಲ್ಲೆಯ ಗಣ್ಯರು, ಕೆರೆಗಳು, ಬೆಳೆಗಳು, ಕಾಡುಪ್ರಾಣಿಗಳು, ಎಲ್ಲವೂ ಅಕಾರಾದಿಯಾಗಿ ಒಂದೇ ಸಂಪುಟದಲ್ಲಿ ಬರಬೇಕೆಂಬುದು ಅವರ ಸಂಕಲ್ಪ. ಅಷ್ಟರಲ್ಲಿ ಕಾಗದಕ್ಕೆ ಅಭಾವ ಬಂತು. ಅಚ್ಚುಕೂಟದವನು ತನ್ನಲ್ಲಿದ್ದ ರೀಮುಗಳನ್ನು ಮುಟ್ಟಿ ನೋಡಿ, ಚಕಾರದ ಕೊನೆಯವರೆಗೆ ಬರುತ್ತದೆ, ಮುಂದಿನವರು ಯುದ್ಧ ಮುಗಿಯುವವರೆಗೆ ಕಾಯಲಿ ಎಂದುಬಿಟ್ಟ.

ಸಮಿತಿಯ ಅಧ್ಯಕ್ಷರು ನಿವೃತ್ತ ಅಮಲ್ದಾರ್ ಶಿವಣ್ಣನವರು. ಸದಸ್ಯರು ಮಳವಳ್ಳಿಯ ವಕೀಲ ಜವರಪ್ಪನವರು. ಕಾರ್ಯದರ್ಶಿ ಕೆರಗೋಡಿನ ನಿಂಗಯ್ಯ, ಬಿ.ಎ. ಮೂವರ ಹೆಸರೂ ಚಕಾರವನ್ನು ದಾಟಿದ್ದವು. ಹೀಗಾಗಿ ಸಮಿತಿಯ ನಿಷ್ಪಕ್ಷಪಾತದ ಬಗ್ಗೆ ಯಾರೂ ಬೆರಳೆತ್ತುವಂತಿರಲಿಲ್ಲ.

ನಿಂಗಯ್ಯ ತನ್ನ ಊರಿಗೆ ಮೊದಲನೆಯ ಬಿ.ಎ. ಆ ಪದವಿಯನ್ನು ಏನು ಮಾಡಬೇಕೆಂದು ಅವನಿಗೂ ಊರಿಗೂ ಇನ್ನೂ ತೀರ್ಮಾನವಾಗಿರಲಿಲ್ಲ. ಸಮಿತಿಯಲ್ಲಿ ಅವನು ಒಂದು ನಿಯಮವನ್ನು ಮಾತ್ರ ರಚಿಸಿದ್ದ: ಬಂಧುಗಳಲ್ಲದ ಇಬ್ಬರ ಸಾಕ್ಷಿಯಿಲ್ಲದೆ ಯಾರನ್ನೂ ಕೋಶಕ್ಕೆ ಸೇರಿಸತಕ್ಕದ್ದಲ್ಲ. ಗಕಾರದಲ್ಲಿ ಒಬ್ಬ ಗಣ್ಯರ ವಿಚಾರವನ್ನು ಅವರ ಅಳಿಯನೇ ಬರೆದುಕೊಟ್ಟು, ಹೊಯ್ಸಳರ ಕಾಲದ ಕೆರೆಯೊಂದನ್ನು ಮಾವನ ಕೈಯಲ್ಲಿ ಅಗೆಸಿದ ಮೇಲೆ ಹುಟ್ಟಿದ ನಿಯಮ ಅದು. ನಿಂಗಯ್ಯನಿಗೆ ಅದರ ಮೇಲೆ ಬಹಳ ಅಭಿಮಾನ. ಬೀಗರ ಮನೆಗಳಲ್ಲಿ ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ, ಅದನ್ನು ಪೂರ್ತಿ ಹೇಳುತ್ತಿದ್ದ.

ನಲವತ್ತಮೂರನೆಯ ಇಸವಿಯ ಒಂದು ಭಾನುವಾರ, ಚಕಾರದ ಕೊನೆಯ ಪುಟದಲ್ಲಿ ನಾಲ್ಕು ಬೆರಳಗಲ ಜಾಗ ಉಳಿದಿದೆ ಎಂದು ನಿಂಗಯ್ಯ ಸಭೆಯ ಮುಂದಿಟ್ಟ.

"ಚಿರತೆ," ಎಂದರು ಜವರಪ್ಪನವರು.

ಅವರ ತಂದೆ ಮಳವಳ್ಳಿಯ ಹತ್ತಿರ ಒಂದು ಚಿರತೆ ಹೊಡೆದಿದ್ದರು. ತಂದೆಯ ಹೆಸರೂ ತಮ್ಮ ಹೆಸರೂ ಬರುವಂತಿಲ್ಲವೆಂದ ಮೇಲೆ ಚಿರತೆಯಾದರೂ ಬರಲಿ ಎಂಬುದು ಅವರ ನಿಲುವು.

ಅಧ್ಯಕ್ಷರು ಕನ್ನಡಕ ತೆಗೆದರು. "ಚಿಕ್ಕಬೋರಯ್ಯ," ಎಂದರು. "ಕೊಪ್ಪದವನು. ಈಗ ಕಬ್ಬು ಬೆಳೀತಾನೆ ಅಂತ ಕೇಳಿದ್ದೀನಿ. ಒಂದು ಕಾಲದಲ್ಲಿ ಸಿನಿಮಾದಲ್ಲಿ ರಾಜ ಆಗಿದ್ದ. ನಾನು ಮದ್ದೂರಲ್ಲಿ ಅಮಲ್ದಾರನಾಗಿದ್ದಾಗ ಡೇರೆಯಲ್ಲಿ ನೋಡಿದ್ದೀನಿ. ಎಂಥ ಧ್ವನಿ ಅಂತೀರಿ. ಡೇರೆ ಕಂಬ ಅದುರಿತ್ತು."

"ಯಾವ ಚಿತ್ರ ಸ್ವಾಮಿ?" ಎಂದ ನಿಂಗಯ್ಯ.

"ಹೆಸರು ಮರೆತಿದೆ. ರಾಜ್ಯ ಕಳಕೊಂಡ ರಾಜ, ರಾಣಿ ಜೊತೆ ಕಾಡಿಗೆ ಹೋಗ್ತಾನೆ. ಮೂವತ್ತೆರಡನೇ ಇಸವಿ. ನನಗೆ ವರ್ಗ ಆದ ವರ್ಷ."

"ಆದರೆ ಕನ್ನಡದಲ್ಲಿ ಮಾತಾಡೋ ಚಿತ್ರ ಬಂದದ್ದು ಮೂವತ್ತನಾಲ್ಕರಲ್ಲಿ ಅಂತ ಓದಿದ್ದೆ. ಅದಕ್ಕೆ ಮುಂಚೆ ಎಲ್ಲ ಮೂಕಿ ಚಿತ್ರ. ಮಾತಿಗೆ ಬದಲು ಅಕ್ಷರ ತೋರಿಸ್ತಿದ್ರಂತೆ."

"ಇದರಲ್ಲಿ ಅಕ್ಷರವೂ ಬರ್ತಿತ್ತು, ಮಾತೂ ಬರ್ತಿತ್ತು," ಎಂದರು ಅಧ್ಯಕ್ಷರು. "ಅಷ್ಟು ಮುಂದುವರಿದ ಚಿತ್ರ."

ಕೆಳಗೆ ಮಂಡಿಯಲ್ಲಿ ಅಕ್ಕಿ ಅಳೆಯುವವನ ಎಣಿಕೆ ಕೇಳಿಸುತ್ತಿತ್ತು. ಅಧ್ಯಕ್ಷರು ಏನಾದರೂ ತಪ್ಪಾಗಿ ತಿಳಿದಿರಬಹುದೆಂಬ ಯೋಚನೆ ಸಭೆಯಲ್ಲಿ ಯಾರಿಗೂ ಬರಲಿಲ್ಲ. ಬಂದಿದ್ದರೂ ಹೊರಗೆ ಬರುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ: ಇತಿಹಾಸ ತಪ್ಪಿದೆ. ಇಡೀ ಸಂಸ್ಥಾನಕ್ಕಿಂತ ಎರಡು ವರ್ಷ ಮೊದಲೇ ಮದ್ದೂರಿನ ಡೇರೆಯಲ್ಲಿ ಕನ್ನಡ ಚಿತ್ರ ಮಾತಾಡಿದೆ.

"ಇದು ಜಿಲ್ಲೆಯ ಮರ್ಯಾದೆ ಪ್ರಶ್ನೆ," ಎಂದರು ಅಧ್ಯಕ್ಷರು. "ನಿಂಗಯ್ಯ, ನಿನ್ನ ನಿಯಮದ ಪ್ರಕಾರ ಇಬ್ಬರು ಸಾಕ್ಷಿ ತಗೊಂಡು ಬಾ."

"ಚಿರತೆ ಮಾತಾಡ್ತು ಅಂತ ನಾನೇನೂ ಹೇಳ್ತಿಲ್ಲ," ಎಂದರು ಜವರಪ್ಪನವರು. "ಸತ್ತಿತು ಅಂತ ಮಾತ್ರ ಹೇಳ್ತಿದ್ದೀನಿ. ಚರ್ಮ ಮನೇಲಿದೆ."

ಮರುದಿನ ನಿಂಗಯ್ಯ ರೈಲಿನಲ್ಲಿ ಮದ್ದೂರಿಗೂ, ಅಲ್ಲಿಂದ ಬೆಲ್ಲದ ಗಾಡಿಯೊಂದರ ಹಿಂಬದಿಯಲ್ಲಿ ಕೊಪ್ಪಕ್ಕೂ ಹೋದ. ಕೊಪ್ಪದಲ್ಲಿ ಯಾವ ವಿಚಾರಣೆಯೇ ಆಗಲಿ ಶುರುವಾಗುವುದು ಅಂಕಮ್ಮನ ಇಡ್ಲಿ ಗುಡಿಸಲಿನಲ್ಲಿ. ಅಂಕಮ್ಮ ಇಡ್ಲಿ ಬಡಿಸುತ್ತಲೇ ಯಾರು, ಯಾವೂರು, ಯಾರ ಮಗ ಎಂದು ಬಂದವರನ್ನು ಬಿಡಿಸಿಕೊಳ್ಳುತ್ತಿದ್ದಳು.

"ಚಿಕ್ಕಬೋರಯ್ಯನ ದನಿ ಇಚಾರನಾ?" ಎಂದಳು. "ದನಿ ಅದೆ ಕಣಪ್ಪ. ಇಲ್ಲ ಅಂತ ಯಾರಂದ್ರು? ಕೊಡಬೇಕಲ್ಲ."

"ಕೊಡೋದು ಅಂದರೆ?"

"ಅವನಿಗೆ ಎಲ್ಡು ದನಿ. ಒಂದು ದಿನಾ ಬಳಸೋದು. ಅದು ಎಣ್ಣೆ ಕಾಣದ ಗಾಡಿ ಗಾಲಿ ಇದ್ದಂಗದೆ. ಇನ್ನೊಂದು ಪಿಚ್ಚರ್‌ನಾಗೆ ಆಡಿದ್ದು. ಅದ ಎತ್ತಿ ಮಡಗವ್ನೆ."

ಇಡ್ಲಿ ತಿನ್ನುತ್ತಿದ್ದ ಮುದುಕನೊಬ್ಬ ತಲೆಯಾಡಿಸಿದ. "ನಾವೆಲ್ಲ ಗಾಡಿ ಕಟ್ಕಂಡು ಮದ್ದೂರ್‌ಗೆ ಓಗಿ ಕೇಳಿದೀವಿ. ಗುಡುಗ್ದಂಗೆ. ಊರಿಗೆ ಬಂದು, ಲೇ ಬೋರ, ಒಂದ್ಸಲ ಆಡ್ಲಾ ಅಂದ್ರೆ, ಅದು ನಂದಲ್ಲ ಅಂತಾನೆ. ಪಿಚ್ಚರ್‌ಗೆ ಬಾಯೇ ಇರ್ನಿಲ್ಲ ಅಂತಾನೆ. ನಾವೇನು ಕಿವುಡ್ರಾ?"

"ನನ್ನ ಮಗನ ಮದ್ವೆ," ಎಂದಳು ಅಂಕಮ್ಮ. "ಗಂಡು ಎಣ್ಣು ನಿಂತವ್ರೆ. ಚಿಕ್ಕಪ್ಪ, ರಾಜನ ದನೀಲಿ ಒಂದೇ ಒಂದು ಮಾತು ಅರಸಿ ಓಗಪ್ಪ ಅಂತ ಬೇಡ್ಕಂಡೆ. ಗಾಡಿ ಗಾಲಿ ದನೀಲೇ ಸುಖವಾಗಿರಿ ಅಂದ್ಬುಟ್ಟು ಊಟಕ್ಕೆ ಕೂತ್ಕಂಡ. ನಮ್ಮುಡುಗ ಇವತ್ತಿಗೂ ಅದ ಮರ್ತಿಲ್ಲ."

ನಿಂಗಯ್ಯನ ಕಿವಿ ನೆಟ್ಟಗಾಯಿತು. "ಚಿಕ್ಕಪ್ಪ ಅಂದಿರಿ. ಅವರು ನಿಮಗೆ ಬಂಧುಗಳೋ?"

"ನಮ್ಮತ್ತೆ ಮೈದುನನ ಮಗ."

ನಿಂಗಯ್ಯ ಮುದುಕನ ಕಡೆ ತಿರುಗಿದ. ಮುದುಕ ಚಿಕ್ಕಬೋರಯ್ಯನ ತಂಗಿಯ ಮಾವ. ಪಕ್ಕದವನು ಷಡ್ಡಕ. ಹೊರಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನನ್ನು ಕರೆದು ಕೇಳಿದ್ದಾಯಿತು. ಅವನು ಎರಡು ಕಡೆಯಿಂದ ಬಂಧು. ಕೊಪ್ಪದಲ್ಲಿ ಚಿಕ್ಕಬೋರಯ್ಯನಿಗೆ ಬಂಧುವಲ್ಲದವನು ಇನ್ನೂ ಹುಟ್ಟಬೇಕಾಗಿತ್ತು, ಹುಟ್ಟಿದರೂ ಬಂಧುವಾಗಿಯೇ ಹುಟ್ಟುವ ಸಂಭವ ಹೆಚ್ಚಾಗಿತ್ತು.

"ನಿನ್ನ ಎಂಡ್ತಿ ಊರು ಯಾವ್ದಪ್ಪ?" ಎಂದಳು ಅಂಕಮ್ಮ. ನಿಂಗಯ್ಯ ಹೇಳಿದ. ಅವಳು ಸೌಟು ಹಿಡಿದುಕೊಂಡೇ ಸ್ವಲ್ಪ ಯೋಚಿಸಿ, "ಅಂಗಾದ್ರೆ ನೀನೂ ಅವನಿಗೆ ಅಳಿಯನೇ ಆಗಬೇಕು ಕಣಪ್ಪ," ಎಂದು ಇನ್ನೊಂದು ಇಡ್ಲಿ ಹಾಕಿದಳು.

ನಿಯಮ ರಚಿಸಿದವನೇ ನಿಯಮದ ಹೊರಗೆ ಬಿದ್ದಿದ್ದ. ಈ ಸಂಗತಿಯನ್ನು ಸಭೆಗೆ ತಿಳಿಸುವ ಅಗತ್ಯವಿಲ್ಲವೆಂದು ಅವನು ಇಡ್ಲಿ ಮುಗಿಯುವುದರೊಳಗೆ ನಿರ್ಧರಿಸಿದ.

ಚಿಕ್ಕಬೋರಯ್ಯ ಮನೆಯ ಜಗುಲಿಯ ಮೇಲೆ ಕಬ್ಬು ಕಡಿಯುವ ಕೊಡಲಿಯ ಹಿಡಿ ಕೆತ್ತುತ್ತಿದ್ದ. ಆಳು ನೋಡಲು ರಾಜನೇ. ಎತ್ತರದ ಮೈಕಟ್ಟು, ಅಗಲವಾದ ಹಣೆ, ಮೀಸೆ ಮಾತ್ರ ಬೆಳ್ಳಗಾಗಿತ್ತು. ನಿಂಗಯ್ಯ ತಾನು ಯಾರು, ಏಕೆ ಬಂದೆ ಎಂಬುದನ್ನು ಗೌರವದಿಂದ ಹೇಳಿ, ಉತ್ತರ ಸಿಡಿಲಿನಂತೆ ಬರಬಹುದೆಂದು ಸ್ವಲ್ಪ ಹಿಂದಕ್ಕೆ ಸರಿದು ನಿಂತ.

"ಕೂತ್ಕಳಿ ಬುದ್ದಿ," ಎಂದ ಚಿಕ್ಕಬೋರಯ್ಯ. ಅಂಕಮ್ಮ ಉತ್ಪ್ರೇಕ್ಷೆ ಮಾಡಿರಲಿಲ್ಲ. ಗಾಡಿ ಗಾಲಿಯೇ.

"ಅದು ಮೂಕಿ ಪಿಚ್ಚರ್ರು ಬುದ್ದಿ. ಬೆಂಗಳೂರ್‌ನಾಗೆ ತಗದ್ರು. ದುಕ್ಕದಲ್ಲಿ ತುಟಿ ಆಡಿಸ್ತಿರಯ್ಯ, ಏನ್ ಬೇಕಾದ್ರೂ ಅಂದ್ಕೋ, ಯಾರಿಗೂ ಕೇಳಾಕಿಲ್ಲ ಅಂದ್ರು. ನಂಗೇನು ಗೊತ್ತು? ಮೊದಲ್ನೇ ಸಲ ರೈಲಲ್ಲಿ ಓಗಿದ್ದೆ. ಟೇಸನ್ ಎಸ್ರುಗಳು ಬಾಯಲ್ಲಿದ್ವು. ಅವನ್ನೇ ಅಂದೆ."

"ಹಾಗಾದರೆ ಡೇರೆಯಲ್ಲಿ ಕೇಳಿಸಿದ ಧ್ವನಿ?"

"ಮದ್ದೂರಲ್ಲಿ ಸೈಕಲ್ ಅಂಗಡಿ ಗಫಾರ್ ಸಾಬ್ರು ಅವ್ರಲ್ಲ, ಅವರ್ದು. ಡೇರೆ ಯಜಮಾನ ಅವರನ್ನ ಪರದೆ ಇಂದೆ ನಿಲ್ಸಿ ಮಾತಾಡುಸ್ಬುಟ್ಟು, ಮಾತಾಡೋ ಪಿಚ್ಚರ್ ಬಂತು ಅಂತ ತಮಟೆ ಒಡ್ಸುದ. ಯಜಮಾನ ಸತ್ತೋದ. ಕತೆ ನನ್ನ ಕುತ್ಗೆಗೆ ಬಿತ್ತು."

ಒಳಗಿನಿಂದ ಅವನ ಹೆಂಡತಿ ಮಾಯಮ್ಮ ಮಜ್ಜಿಗೆ ತಂದಿಟ್ಟಳು. "ಸುರು ಮಾಡ್ಕಂಡ್ರಾ?" ಎಂದಳು ಗಂಡನಿಗೆ. ನಿಂಗಯ್ಯನ ಕಡೆ ತಿರುಗಿ, "ನಂಬಬೇಡಿ. ನನ್ನ ಮದ್ವೆಗೆ ಮುಂಚೆ ನಮ್ಮಪ್ಪ ಡೇರೆಗೆ ಕರ್ಕಂಡೋಗಿ ತೋರ್ಸುದ್ರು. ರಾಣಿ ಕಲ್ಲು ಮುಳ್ಳು ತುಳ್ಕಂಡು ಓಯ್ತಾವ್ಳೆ. ಇವ್ರು ಕೈ ಚಾಚ್ಕಂಡು ಅಂತಾರೆ, ರಾಣಿ, ರಾಜ್ಯ ಹೋದದ್ದಕ್ಕೆ ನನಗೆ ದುಃಖವಿಲ್ಲ, ನೀನು ಬರಿಗಾಲಲ್ಲಿ ನಡೆಯುವುದನ್ನು ಕಂಡು ಎದೆ ಒಡೆಯುತ್ತಿದೆ, ಅಂತ. ನಾನು ಸೆರಗು ಒದ್ದೆ ಆಗೋಗಂಗೆ ಅತ್ತೆ. ಇವ್ರನ್ನೇ ಆಯ್ತೀನಿ ಅಂದೆ."

"ಆಮೇಲೆ?"

"ಆಮೇಲೇನು. ಇಷ್ಟು ವರ್ಸದಿಂದ ದಿನಾ ಬರಿಗಾಲಲ್ಲೇ ಗದ್ದೆಗೆ ಓಯ್ತೀನಿ. ಒಂದಿನ ಅಂದವ್ರಾ ಕೇಳಿ. ಪರದೆ ಮ್ಯಾಲಿನ ಎಂಗ್ಸಿಗೆ ಅನ್ನಾಕೆ ಬತ್ತದೆ. ಕಟ್ಕಂಡೋಳ್ಗೆ ಗಾಡಿ ಗಾಲಿ."

ಅವಳು ಒಳಗೆ ಹೋದಳು. ಚಿಕ್ಕಬೋರಯ್ಯ ಕೊಡಲಿಯ ಹಿಡಿಯನ್ನು ನೋಡುತ್ತಾ ಕೂತ. ಆಮೇಲೆ ನಿಂಗಯ್ಯನನ್ನು ಬೀದಿಯ ತಿರುವಿನವರೆಗೆ ಬಿಡಲು ಬಂದು, ಸುತ್ತ ನೋಡಿ, ಕೈ ಮುಗಿದ.

"ಬುದ್ದಿ, ನಾನು ಗಣ್ಯ ಅಲ್ಲ. ಆದ್ರೂ ನನ್ನ ಎಸ್ರು ಆಕಿ. ಈ ನಟನಿಗೆ ದನಿ ಇರಲಿಲ್ಲ ಅಂತ ಒಂದೇ ಗೆರೆ. ಅಚ್ಚಲ್ಲಿ ಬಂದ್ರೆ ಅವಳು ನಂಬ್ತಾಳೆ. ಮಡಿಕ್ಕಂಡು ಕೊಡ್ದೇ ಇರೋನು ಅಂತ ಊರೆಲ್ಲ ಅಂದ್ಕಳ್ಳಿ, ಬುಡಿ. ಅವಳು ಅಂದ್ಕಂಡಿರೋದು ತಡಿಯಾಕಾಗಾಕಿಲ್ಲ."

ವಿಶ್ವಕೋಶಕ್ಕೆ ಸೇರಲು ಶಿಫಾರಸು ಹಿಡಿದು ಬಂದವರನ್ನು ನಿಂಗಯ್ಯ ಬೇಕಾದಷ್ಟು ನೋಡಿದ್ದ. ತನ್ನಲ್ಲಿ ಏನೂ ಇಲ್ಲವೆಂದು ಅಚ್ಚಾಗಬೇಕೆಂದವನು ಇವನೊಬ್ಬನೇ. ಮಾತು ಕೊಟ್ಟುಬಿಟ್ಟ.

ಮದ್ದೂರಿನಲ್ಲಿ ಗಫಾರ್ ಸಾಹೇಬರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅಂಗಡಿಗಿಂತ ಮೊದಲು ಅವರು ಕೇಳಿಸುತ್ತಿದ್ದರು. ಸಣಕಲು ಮೈ, ಗಾಳಿ ಹಾಕುವ ಪಂಪಿನಷ್ಟೇ ದಪ್ಪ. ಅಷ್ಟು ದೊಡ್ಡ ಧ್ವನಿ ಅದರಲ್ಲಿ ಎಲ್ಲಿ ವಾಸವಾಗಿತ್ತೆಂಬುದನ್ನು ವೈದ್ಯರು ಹೇಳಬೇಕು.

"ನಾನೇ," ಎಂದರು ಗಫಾರ್ ಸಾಹೇಬರು, ಕೇಳುವ ಮೊದಲೇ. "ರಾಜ ನಾನು, ಮಂತ್ರಿ ನಾನು, ಕಾಡಲ್ಲಿ ಸಿಂಹ ನಾನು. ರಾಣಿ ಅಳೋದೂ ನಾನೇ. ಆ ಅಳು ಕೇಳಿ ಮುಂದಿನ ಸಾಲಲ್ಲಿ ಹೆಂಗಸ್ರು ಬಿಕ್ಕೋರು, ಸ್ವಾಮಿ. ನಮ್ಮ ಮನೇಲಿ ಕುಲ್ಸುಮ್ ಕೂಡ ಅತ್ತವ್ಳೆ. ಮನೆಗೆ ಹೋಗಿ, ಲೇ ಅದು ನಾನೇ ಕಣೆ ಅಂದ್ರೆ, ನಿಮಗ್ಯಾಕೆ ಬರ್ತದೆ ಅಷ್ಟು ಚೆನ್ನಾಗಿ ಅಳು ಅಂದ್ಳು."

"ಊರಿಗೆ ಯಾಕೆ ನೀವು ಹೇಳಲಿಲ್ಲ?"

"ಹೇಳ್ಲಿಲ್ವಾ? ನೋಡಿ ಬೇಕಾದ್ರೆ."

ಅವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡು, "ರಾಣಿ, ರಾಜ್ಯ ಹೋದದ್ದಕ್ಕೆ ನನಗೆ ದುಃಖವಿಲ್ಲ," ಎಂದರು. ಎದುರಿನ ಪಾತ್ರೆ ಅಂಗಡಿಯಲ್ಲಿ ಏನೋ ಝಣ್ ಎಂದಿತು. ಜನ ಸೇರಿದರು.

"ಚಿಕ್ಕಬೋರಯ್ಯ ಬಂದವ್ರಾ?" ಎಂದ ಒಬ್ಬ.

"ಇಲ್ಲ ಕಣ್ಲಾ, ನಮ್ ಸಾಬ್ರು. ಅವರಂಗೇ ಮಾಡ್ತಾರೆ."

"ಅವರಂಗೇ ಅಂದ್ರೂ ಅವ್ರಷ್ಟಿಲ್ಲ ಬುಡು," ಎಂದ ಮೂರನೆಯವನು. ಗಫಾರ್ ಸಾಹೇಬರು ನಿಂಗಯ್ಯನ ಕಡೆ ತಿರುಗಿ, ನೋಡಿದಿರಾ ಎನ್ನುವಂತೆ ಎರಡೂ ಕೈ ಚಾಚಿದರು.

"ಮೊದಮೊದಲು ಜಗಳ ಆಡ್ತಿದ್ದೆ. ಈಗ ಒಂದು ಲೋಟ ಟೀ ಕೊಡಿಸ್ತಾರೆ, ಕುಡೀತೀನಿ." ನಂತರ ಧ್ವನಿ ಇಳಿಸಿ, ಅಂದರೆ ಉಳಿದವರು ಮಾತಾಡುವಷ್ಟು ಎತ್ತರಕ್ಕೆ ತಂದು, ಕೇಳಿದರು: "ನಿಮ್ಮ ಪುಸ್ತಕದಲ್ಲಿ ನನ್ನ ಹೆಸರು ಬರ್ತದಾ?"

ಗಕಾರ ಅಚ್ಚಾಗಿ, ಹೊಲಿಗೆಯೂ ಆಗಿಹೋಗಿತ್ತು. ಹೊಯ್ಸಳರ ಕೆರೆ ಅಗೆದವರು ಅಲ್ಲಿ ಭದ್ರವಾಗಿ ಕೂತಿದ್ದರು.

"ನೀವು ಸ್ವಲ್ಪ ಮುಂದಿನ ಅಕ್ಷರದಲ್ಲಿ ಹುಟ್ಟಬೇಕಾಗಿತ್ತು ಸಾಹೇಬರೆ," ಎಂದ ನಿಂಗಯ್ಯ.

"ಅದ್ರಲ್ಲೂ ಹಿಂಗೇ ಆಗ್ತಿತ್ತು," ಎಂದು ಅವರು ಪಂಕ್ಚರ್ ನೋಡಲು ಕೂತರು. ಆದರೂ ಸಾಕ್ಷಿ ಹೇಳಲು ಒಪ್ಪಿದರು. ಬಂಧುವಲ್ಲದವನೊಬ್ಬ ಸಿಕ್ಕಿದ್ದಕ್ಕೆ ನಿಂಗಯ್ಯನಿಗೆ ಎಷ್ಟು ಸಂತೋಷವಾಯಿತೆಂದರೆ, ಸಾಹೇಬರು ಯಾವುದಕ್ಕೆ ಸಾಕ್ಷಿ ಎಂಬುದನ್ನು ಅಧ್ಯಕ್ಷರಿಗೆ ಮುಂಚಿತವಾಗಿ ತಿಳಿಸುವುದನ್ನೇ ಮರೆತ.

ಮುಂದಿನ ಭಾನುವಾರ ಅಕ್ಕಿ ಮಂಡಿಯ ಮಹಡಿ ತುಂಬಿತ್ತು. ಮಂಡಿಯ ಹಮಾಲರು ಮೆಟ್ಟಿಲ ಮೇಲೆ ಕೂತಿದ್ದರು. ಜವರಪ್ಪನವರು ಚಿರತೆಯ ಚರ್ಮವನ್ನು ತಂದು ಮೇಜಿನ ಮೇಲೆ ಹಾಸಿದ್ದರು. ಅದರ ತಲೆ ಅಧ್ಯಕ್ಷರ ಕಡೆಗಿತ್ತು. ಚಿಕ್ಕಬೋರಯ್ಯ ಕೋಟು ಹಾಕಿಕೊಂಡು ಬಂದಿದ್ದ. ಮಾಯಮ್ಮ ಮದುವೆಯ ಸೀರೆ ಉಟ್ಟಿದ್ದಳು. ಅಮಲ್ದಾರರ ಮುಂದೆಯಾದರೂ ಗಂಡ ಆ ಧ್ವನಿ ತೆಗೆಯಲೇಬೇಕಾಗುತ್ತದೆಂದು ಅವಳ ಲೆಕ್ಕ.

"ಮಾತಾಡಯ್ಯ," ಎಂದರು ಅಧ್ಯಕ್ಷರು.

"ಏನ್ ಮಾತಾಡ್ಲಿ ಬುದ್ದಿ?"

ಅಧ್ಯಕ್ಷರು ನಕ್ಕರು. "ಸಂಕೋಚ ಬೇಡ. ಆ ಧ್ವನಿ ತೆಗಿ."

"ಇರೋದೇ ಇದು ಬುದ್ದಿ."

"ದೊಡ್ಡ ಕಲಾವಿದರೆಲ್ಲ ಹೀಗೇ ಹೇಳ್ತಾರೆ," ಎಂದು ಅಧ್ಯಕ್ಷರು ಸಭೆಗೆ ತಿಳಿಸಿದರು. "ವಿನಯ."

ಮಾಯಮ್ಮ ಗಂಡನನ್ನು ನೋಡಿದ ನೋಟಕ್ಕೆ ಅವನು ಕೋಟಿನ ಗುಂಡಿ ಹಾಕಿಕೊಂಡ.

ನಿಂಗಯ್ಯ ಗಫಾರ್ ಸಾಹೇಬರನ್ನು ಮುಂದೆ ಕರೆದು, ಡೇರೆಯ ವಿಷಯವನ್ನೆಲ್ಲ ಹೇಳಿದ. ಸಾಹೇಬರು ರಾಜನ ಮಾತನ್ನು ಪೂರ್ತಿ ಆಡಿ ತೋರಿಸಿದರು. ಅಧ್ಯಕ್ಷರು ಮೇಜು ತಟ್ಟಿದರು. "ಭೇಷ್. ಇಷ್ಟು ಚೆನ್ನಾಗಿ ಅನುಕರಣೆ ಮಾಡೋರನ್ನ ನಾನು ನೋಡಿಲ್ಲ. ಅನುಕರಣೆಯೇ ಇಷ್ಟು ಚೆನ್ನಾಗಿದೆ ಅಂದರೆ ಮೂಲ ಹೇಗಿದ್ದಿರಬೇಕು. ಇದೂ ಒಂದು ಸಾಕ್ಷಿ ಅಂತ ಬರಕೋ ನಿಂಗಯ್ಯ."

"ನಾ ಹೇಳ್ಲಿಲ್ವಾ," ಎಂದರು ಗಫಾರ್ ಸಾಹೇಬರು.

ಬಿ.ಎ. ಓದಿದವರಿಗೆ ಇಂಥ ಸಮಯದಲ್ಲಿ ಒಂದು ಪ್ರಯೋಗ ಮಾಡಿ ನೋಡಬೇಕೆನ್ನಿಸುತ್ತದೆ. ನಿಂಗಯ್ಯ ಕೆಳಗಿನ ಮಂಡಿಯಿಂದ ಅಕ್ಕಿ ಹರವುವ ದೊಡ್ಡ ದುಪ್ಪಟಿಯೊಂದನ್ನು ತರಿಸಿ ಕೋಣೆಗೆ ಅಡ್ಡಲಾಗಿ ಕಟ್ಟಿಸಿದ. ಹಿಂದೆ ಸಾಹೇಬರು ನಿಲ್ಲುವುದು, ಮುಂದೆ ಚಿಕ್ಕಬೋರಯ್ಯ ಅಂದಿನಂತೆಯೇ ಅಭಿನಯಿಸುವುದು. ಮಾತು ದುಪ್ಪಟಿಯ ಹಿಂದಿನಿಂದ ಬರುವುದನ್ನು ಸಭೆ ಕಣ್ಣಾರೆ ನೋಡುತ್ತದೆ. ರಾಣಿಯ ಜಾಗಕ್ಕೆ ಯಾರೂ ಇಲ್ಲದ್ದರಿಂದ ಮಾಯಮ್ಮನನ್ನೇ ಕುರ್ಚಿಯ ಮೇಲೆ ಕೂರಿಸಿದರು. ಅವಳು ಪಾದಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು.

ಚಿಕ್ಕಬೋರಯ್ಯ ಕೈ ಚಾಚಿದ. ತುಟಿ ಆಡಿತು.

"ರಾಣಿ," ಎಂದಿತು ಧ್ವನಿ.

ಹಮಾಲರು ಎದ್ದು ನಿಂತರು. ಜವರಪ್ಪನವರ ಕೈ ಚಿರತೆಯ ಮೇಲಿಂದ ಜಾರಿತು. ಪ್ರಯೋಗದಲ್ಲಿದ್ದ ದೋಷ ನಿಂಗಯ್ಯನಿಗೆ ಆಗ ಕಂಡಿತು: ದುಪ್ಪಟಿಯನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ರಾಜನ ಬಾಯನ್ನೇ ನೋಡುತ್ತಿದ್ದರು.

"ಬಂತು," ಎಂದರು ಅಧ್ಯಕ್ಷರು, ಕಣ್ಣೊರೆಸಿಕೊಂಡು. "ಕೊನೆಗೂ ತೆಗೆದ."

ಮಾಯಮ್ಮನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ರಾಜ್ಯ ಹೋದದ್ದಕ್ಕೆ ನನಗೆ ದುಃಖವಿಲ್ಲ. ನೀನು ಬರಿಗಾಲಲ್ಲಿ..."

ಆ ದುಪ್ಪಟಿ ಎಷ್ಟು ಸುಗ್ಗಿಯ ತೌಡಿನ ದೂಳು ಕುಡಿದಿತ್ತೋ ಲೆಕ್ಕವಿಲ್ಲ. ಹಿಂದೆ ಗಫಾರ್ ಸಾಹೇಬರು ಸೀನಿದರು. ಇನ್ನೊಂದು ಬರುವಂತಾಗಿ, ಬಾರದೆ, ಉಸಿರು ಹಿಡಿದು ನಿಂತರು.

ಕೋಣೆಯಲ್ಲಿ ನಿಶ್ಶಬ್ದವಾಯಿತು. ರಾಜನಿಗೆ ಮಾತ್ರ ಅದು ತಿಳಿಯಲಿಲ್ಲ. ಅವನು ಹೆಂಡತಿಯ ಕಡೆ ಕೈ ಚಾಚಿ, ಎದೆ ಮುಟ್ಟಿಕೊಂಡು, ಕಣ್ಣು ತುಂಬಿ, ಮೆಲ್ಲಗೆ ಹೇಳುತ್ತಲೇ ಇದ್ದ. ಎಣ್ಣೆ ಕಾಣದ ಆ ದನಿ ಕೋಣೆಯ ಮೂಲೆಮೂಲೆಗೂ ಕೇಳಿಸಿತು.

"ಮಂಡ್ಯ. ಹನಕೆರೆ. ಮದ್ದೂರು. ಶೆಟ್ಟಿಹಳ್ಳಿ. ಚನ್ನಪಟ್ಟಣ."

ದುಪ್ಪಟಿಯ ಹಿಂದೆ ಎರಡನೆಯ ಸೀನು ಆಯಿತು.

"ಕ್ಲೋಸ್‌ಪೇಟೆ," ಎಂದ ರಾಜ, ಬಹಳ ದುಃಖದಿಂದ.

ಮಾಯಮ್ಮ ಕಣ್ಣು ಒರೆಸಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿದಳು. "ಏನದು ನೀವು ಅಂತಿರೋದು?"

ಚಿಕ್ಕಬೋರಯ್ಯ ಬೆಚ್ಚಿ ನಿಂತ. "ಟೇಸನ್ನು."

"ಆವತ್ತೂ ಇದೇನಾ?"

"ಆವತ್ತೂ ಇದೇಯ. ಯೇಳ್ತಾನೇ ಇವ್ನಿ ನಾನು."

ಅವಳು ಅವನ ಬಾಯನ್ನೇ ನೋಡಿದಳು. ಆಮೇಲೆ ದುಪ್ಪಟಿಯ ಕಡೆ ನೋಡಿದಳು. ಗಫಾರ್ ಸಾಹೇಬರು ಮೂಗು ಒರೆಸಿಕೊಳ್ಳುತ್ತಾ ಪಕ್ಕದಿಂದ ಹೊರಗೆ ಬಂದು, "ಮಾಫ್ ಮಾಡಿ ತಾಯಿ, ದೂಳು," ಎಂದರು, ರಾಜನ ಧ್ವನಿಯಲ್ಲೇ.

"ಅಂಗಾದ್ರೆ ನಾನು ಆವತ್ತು ಅತ್ತಿದ್ದು ಕ್ಲೋಸ್‌ಪೇಟೆಗಾ?" ಎಂದಳು ಮಾಯಮ್ಮ.

ಅವಳಿಗೆ ನಗು ಮೊದಲು ಹೆಗಲಿಗೆ ಬಂತು, ಆಮೇಲೆ ಬಾಯಿಗೆ. ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ. ಹಮಾಲರೂ ನಕ್ಕರು. ಚಿಕ್ಕಬೋರಯ್ಯ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದ.

ಅಧ್ಯಕ್ಷರು ಮಾತ್ರ ನಗಲಿಲ್ಲ. ಮದ್ದೂರಿನಿಂದ ವರ್ಗವಾದಂದಿನಿಂದ ಆ ಡೇರೆಯ ಕಥೆಯನ್ನು ಅವರು ಯಾವ ಯಾವ ಮೇಲಧಿಕಾರಿಗಳಿಗೆ ಹೇಳಿದ್ದರೋ ಅವರೆಲ್ಲರ ಮುಖ ಅಕಾರದಿಂದ ಒಂದೊಂದಾಗಿ ಕಣ್ಣಮುಂದೆ ಬರುತ್ತಿದ್ದಿರಬೇಕು. ಕನ್ನಡಕ ಹಾಕಿಕೊಂಡು ತೀರ್ಪು ಕೊಟ್ಟರು.

"ಚಿತ್ರ ಮಾತಾಡಲಿಲ್ಲ ಅಂದಮೇಲೆ ಪ್ರಥಮ ಅಲ್ಲ. ಪ್ರಥಮ ಅಲ್ಲ ಅಂದಮೇಲೆ ಗಣ್ಯ ಅಲ್ಲ. ಈ ವಿಷಯ ಸಭೆಗೆ ಬಂದೇ ಇರಲಿಲ್ಲ ಅಂತ ತಿಳಿಯೋದು."

"ದನಿ ಇರಲಿಲ್ಲ ಅಂತ ಒಂದು ಗೆರೆ, ಬುದ್ದಿ," ಎಂದ ಚಿಕ್ಕಬೋರಯ್ಯ. ನಿಂಗಯ್ಯನೂ ಎದ್ದು ನಿಂತು, ತಾನು ಮಾತು ಕೊಟ್ಟಿರುವುದಾಗಿ ತೊದಲಿದ.

"ಇಲ್ಲದ್ದನ್ನೆಲ್ಲ ಕೋಶಕ್ಕೆ ಹಾಕೋಕೆ ಹೋದರೆ ಯುದ್ಧ ಮುಗಿದರೂ ಕಾಗದ ಸಾಲೋದಿಲ್ಲ," ಎಂದರು ಅಧ್ಯಕ್ಷರು.

ಚಿಕ್ಕಬೋರಯ್ಯನ ಮುಖ ಸಣ್ಣದಾಯಿತು. ಮಾಯಮ್ಮ ಎದ್ದು ಅವನ ಕೋಟಿನ ತೋಳು ಹಿಡಿದಳು.

"ಬುಡಿ ಬುದ್ದಿ, ಅಚ್ಚು ಬೇಡ," ಎಂದಳು. "ಯಾರಿಗ್ ತೋರ್ಸಬೇಕಿತ್ತೋ ಅವ್ಳು ಕೇಳುಸ್ಕಂಡ್ಳು."

ಇಬ್ಬರೂ ಮೆಟ್ಟಿಲಿಳಿದು ಹೋದರು. ಇಳಿಯುತ್ತಾ ಅವಳು ಏನೋ ಕೇಳಿದ್ದೂ, ಗಾಡಿ ಗಾಲಿ ಏನೋ ಉತ್ತರ ಹೇಳಿದ್ದೂ, ಅವಳು ಮತ್ತೆ ನಕ್ಕಿದ್ದೂ ಮೇಲೆ ಕೇಳಿಸಿತು.

ನಾಲ್ಕು ಬೆರಳಗಲ ಜಾಗ ಹಾಗೇ ಉಳಿದಿತ್ತು. ಜವರಪ್ಪನವರು ಚಿರತೆಯ ಚರ್ಮವನ್ನು ನೇವರಿಸಿ, ಹೊರಡಲು ಎದ್ದಿದ್ದ ಗಫಾರ್ ಸಾಹೇಬರನ್ನು ಮೃದುವಾಗಿ ಕರೆದರು.

"ಸಾಹೇಬರೆ, ನಿಮಗೆ ಚಿರತೆ ಬರುತ್ತಾ?"

"ಗಂಡೋ ಹೆಣ್ಣೋ?" ಎಂದರು ಗಫಾರ್ ಸಾಹೇಬರು.

ಆಮೇಲೆ ಆದದ್ದಕ್ಕೆ ಮಂಡಿಯ ಮುಂದೆ ಕಟ್ಟಿದ್ದ ಎತ್ತುಗಳೇ ಸಾಕ್ಷಿ. ಅವು ಹಗ್ಗ ಕಿತ್ತುಕೊಂಡು, ತುಂಬಿದ ಗಾಡಿಯ ಸಮೇತ ರೈಲ್ವೆ ಸ್ಟೇಷನ್ ಮುಟ್ಟಿದ್ದವು.

ಸಂಪುಟ ಹೊರಬಂದಾಗ ಅದರ ಕಟ್ಟಕಡೆಯ ಲೇಖನ ಹೀಗಿತ್ತು: "ಚಿರತೆ (ಮಳವಳ್ಳಿ). ಈ ಭಾಗದ ಕಾಡಿನಲ್ಲಿ ಕೊಲ್ಲಲ್ಪಟ್ಟಿತು. ಚರ್ಮ ಸುಸ್ಥಿತಿಯಲ್ಲಿದೆ. ಇದರ ಗರ್ಜನೆಯನ್ನು ಮದ್ದೂರಿನ ಗಫಾರ್ ಸಾಹೇಬರ ಬಾಯಿಂದ ಕೇಳಿದವರು ಇಬ್ಬರಿದ್ದು, ಅವರು ಚಿರತೆಯ ಬಂಧುಗಳಲ್ಲ." ಮೊದಲ ಮೂರು ವಾಕ್ಯ ಜವರಪ್ಪನವರದು. ಕೊನೆಯದನ್ನು ನಿಂಗಯ್ಯ ಅಚ್ಚುಕೂಟದಲ್ಲಿ ನಿಂತು ಸೇರಿಸಿದ. ಮದ್ದೂರಿನಲ್ಲಿ ಆ ಪುಟವನ್ನು ಸೈಕಲ್ ಅಂಗಡಿಯ ಗೋಡೆಗೆ ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದರು. ಕುಲ್ಸುಮ್ ಬಿ ಅದನ್ನು ಓದಿಸಿ ಕೇಳಿ, ಚಿರತೆ ಸರಿ, ಅಳು ಮಾತ್ರ ಇನ್ನೂ ನಂಬೋದಿಲ್ಲ ಎಂದರಂತೆ.

ಮಾತು ತಪ್ಪಿದ್ದಕ್ಕೆ ಕ್ಷಮೆ ಕೇಳಬೇಕೆಂದು ನಿಂಗಯ್ಯ ಒಂದು ಪ್ರತಿ ಹಿಡಿದು ಕೊಪ್ಪಕ್ಕೆ ಹೋದ. ಸಂಜೆಯಾಗುತ್ತಿತ್ತು. ಚಿಕ್ಕಬೋರಯ್ಯನ ಮನೆಯ ಬಾಗಿಲು ಓರೆಯಾಗಿತ್ತು. ಜಗುಲಿಯ ಮೇಲೆ ಹೆಂಗಸರ ಹೊಸ ಚಪ್ಪಲಿಯ ಜೋಡಿಯೊಂದು ಬೀದಿಗೆ ಕಾಣುವಂತೆ ಇತ್ತು. ಅಡಿ ನೋಡಿದರೆ ಒಂದು ಸಲವೂ ಮೆಟ್ಟಿದ್ದಂತಿರಲಿಲ್ಲ.

ಅಂಕಮ್ಮ ಎದುರು ಬಂದಳು. "ಬಂದ್ಯಾ ಅಳಿಯ? ಮಂಡ್ಯದಾಗೂ ದನಿ ತೆಗೀನಿಲ್ವಂತೆ. ಅಮಲ್ದಾರ್ರು ಕೇಳುದ್ರೂ ಕೊಡ್ನಿಲ್ವಂತೆ, ಸಾಬ್ರ ಕೈಲಿ ಆಡುಸ್ದ್ನಂತೆ. ಎಂಥಾ ಗಟ್ಟಿ ಮನ್ಸ ನೋಡು."

"ಇಲ್ಲಮ್ಮ, ನಿಜವಾಗಿ ನಡೆದದ್ದು..." ಎಂದು ನಿಂಗಯ್ಯ ಶುರುಮಾಡಿದ.

"ಸುಮ್ಕಿರು," ಎಂದಳು ಅಂಕಮ್ಮ, ಕಿವಿಯ ಹತ್ತಿರ ಕೈ ಹಿಡಿದು.

ಒಳಗೆ ಮಾಯಮ್ಮ ಬಡಿಸುತ್ತಿದ್ದ ಸದ್ದು. "ಬಿಡದಿ ಆದ್ಮೇಲೆ?" ಎಂದು ಕೇಳಿದಳು. ಎಣ್ಣೆ ಕಾಣದ ದನಿ ಮೆಲ್ಲಗೆ ಏನೋ ಹೇಳಿತು. ಬೀದಿಗೆ ಅದು ಪೂರ್ತಿ ಕೇಳಿಸಲಿಲ್ಲ. ಕೇಳಿಸಿದ್ದು ಅವಳ ನಗು ಮಾತ್ರ.

"ಕೇಳಿದ್ಯಾ?" ಎಂದಳು ಅಂಕಮ್ಮ. "ಎಂಡ್ತಿ ಮುಂದೆ ಮಾತ್ರ ತೆಗೀತಾನೆ."

ನಿಂಗಯ್ಯ ಸಂಪುಟವನ್ನು ಚಪ್ಪಲಿಯ ಪಕ್ಕದಲ್ಲಿಟ್ಟು, ಬಾಗಿಲು ತಟ್ಟದೆ ಹಿಂದಿರುಗಿದ.